ಮನೆಯ ಪುಟ್ಟ ವಿದ್ಯುಜ್ಜನಕ

ಏಪ್ರಿಲ್ ತಿಂಗಳ ಕೊನೆಯ ಒಂದು ಸಂಜೆ. ಹಲಸೂರು ಕೆರೆಯ ಮೇಲೆ ಮೋಡ ಕವಿದು ಗಾಳಿ ಏಳುತ್ತದೆ. ಅರ್ಧ ಗಂಟೆಯ ಮಳೆಗೆ ದಂಡುಪ್ರದೇಶದ ಹಳೆಯ ಮರಗಳ ಕೊಂಬೆಗಳು ನಾಲ್ಕಾರು ಕಡೆ ಮುರಿದು ತಂತಿಗಳ ಮೇಲೆ ಬೀಳುತ್ತವೆ. ಇಂದಿರಾನಗರದಿಂದ ಲಿಂಗರಾಜಪುರದವರೆಗೆ ದೀಪಗಳು ಆರಿಹೋಗುತ್ತವೆ. ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಅಂದಿನಿಂದ ಈ ಊರಿನವರು ವಿದ್ಯುತ್ತಿಗೆ ಎಷ್ಟು ಒಗ್ಗಿಹೋಗಿದ್ದಾರೆಂದರೆ, ಕತ್ತಲೆ ಕವಿದ ಹತ್ತು ನಿಮಿಷದೊಳಗೆ ಓಣಿಓಣಿಗಳಲ್ಲಿ ಪೆಟ್ರೋಲ್ ಯಂತ್ರಗಳ ಗುಡುಗುಡು ಸದ್ದು ಕೇಳತೊಡಗುತ್ತದೆ. ಒಂದೆರಡು ಗಂಟೆಯ ಕತ್ತಲೆಗೆ ಬ್ಯಾಟರಿಯ ಇನ್ವರ್ಟರ್ ಸಾಕು, ನಿಜ. ಆದರೆ ಇಡೀ ರಾತ್ರಿ ತಂತಿ ಸರಿಹೋಗದಿದ್ದರೆ, ಅಂಗಡಿಯ ಶೀತಲ ಪೆಟ್ಟಿಗೆ ಕರಗತೊಡಗಿದರೆ, ಹಳೆಯ ವಿದ್ಯುಜ್ಜನಕವೇ ಗತಿ. ಜನರೇಟರ್ ಎಂದು ನಾವೆಲ್ಲ ಕರೆಯುವ ಆ ಪುಟ್ಟ ಯಂತ್ರದ ಒಳಗುಟ್ಟನ್ನೂ ಅದನ್ನು ನಡೆಸುವ ಬಗೆಯನ್ನೂ ಈ ಲೇಖನದಲ್ಲಿ ಪರ್ಯಾಲೋಚಿಸೋಣ. ಕಾಲೇಜಿನ ಪಠ್ಯದಲ್ಲಿ ಓದಿದ ಭೌತಶಾಸ್ತ್ರದ ಅರ್ಧದಷ್ಟು ಅದರ ಲೋಹದ ಚೌಕಟ್ಟಿನೊಳಗೆ ಅಡಗಿ ಕುಳಿತಿದೆ.

ಯಂತ್ರದಲ್ಲಿರುವುದು ಎರಡೇ ಅಂಗ. ಒಂದು, ಪೆಟ್ರೋಲಿನ ಶಾಖವನ್ನು ಚಲನೆಯಾಗಿ ಮಾರ್ಪಡಿಸುವ ಅಂತರ್ದಹನ ಎಂಜಿನು; ಇದರ ನಾಲ್ಕು ಹೊಡೆತಗಳ ಕ್ರಮವನ್ನು ಜರ್ಮನಿಯ ಆಟೋ 1876ರಲ್ಲಿ ಕಾರ್ಯರೂಪಕ್ಕೆ ತಂದನು. ಇನ್ನೊಂದು, ಆ ಚಲನೆಯನ್ನು ವಿದ್ಯುತ್ತಾಗಿ ಮಾರ್ಪಡಿಸುವ ಆಲ್ಟರ್ನೇಟರು. ಇದಕ್ಕೆ ಆಧಾರವಾದ ವಿದ್ಯುತ್ಕಾಂತ ಪ್ರೇರಣೆಯನ್ನು ಫ್ಯಾರಡೆ 1831ರಲ್ಲಿ ಕಂಡುಹಿಡಿದನು. ಎರಡನ್ನೂ ಒಂದೇ ದಂಡಕ್ಕೆ ಪೋಣಿಸಿದರೆ ವಿದ್ಯುಜ್ಜನಕ ಸಿದ್ಧವಾಯಿತು.

ಇಂತಹ ಯಂತ್ರದಿಂದ ಎಷ್ಟು ವಿದ್ಯುತ್ತು ದೊರಕೀತು? ಲೆಕ್ಕ ಹಾಕಿ ನೋಡೋಣ. ಉರುಳೆಯ ಗಾತ್ರ 160 ಘನ ಸೆಂಟಿಮೀಟರು ಎಂದೂ ಎಂಜಿನಿನ ವೇಗ ನಿಮಿಷಕ್ಕೆ 3000 ಸುತ್ತು ಎಂದೂ ಇಟ್ಟುಕೊಳ್ಳೋಣ. ನಾಲ್ಕು ಹೊಡೆತಗಳ ಎಂಜಿನು ಎರಡು ಸುತ್ತಿಗೊಮ್ಮೆ ಉಸಿರೆಳೆಯುತ್ತದೆ; ಎಂದರೆ ನಿಮಿಷಕ್ಕೆ 1500 ಬಾರಿ, ಸೆಕೆಂಡಿಗೆ 25 ಬಾರಿ. ಪ್ರತಿಸಾರಿಯೂ ಉರುಳೆ ಪೂರ್ತಿ ತುಂಬಿದರೆ ಸೆಕೆಂಡಿಗೆ 4 ಲೀಟರು ಗಾಳಿ ಒಳಸೇರಬೇಕು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿಯ ಗಾಳಿ ಮಂಗಳೂರಿನ ಗಾಳಿಗಿಂತ ನೂರಕ್ಕೆ ಹತ್ತರಷ್ಟು ತೆಳು. ಒಂದು ಲೀಟರಿನ ತೂಕ ಸುಮಾರು 1.07 ಗ್ರಾಮು. ಇಕ್ಕಟ್ಟಾದ ಕವಾಟಗಳ ಮೂಲಕ ನುಸುಳಿ ಬರಬೇಕಾದುದರಿಂದ ಉರುಳೆ ಮುಕ್ಕಾಲು ಪಾಲು ಮಾತ್ರ ತುಂಬುತ್ತದೆಂದು ಭಾವಿಸಿದರೆ, ಸೆಕೆಂಡಿಗೆ 3.2 ಗ್ರಾಮು ಗಾಳಿ ಒಳಬಂದಂತಾಯಿತು. ಒಂದು ಗ್ರಾಮು ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಮು ಗಾಳಿ ಬೇಕು. ಆದುದರಿಂದ ಉರಿಯುವ ಪೆಟ್ರೋಲು ಸೆಕೆಂಡಿಗೆ 0.22 ಗ್ರಾಮು. ಗ್ರಾಮಿಗೆ 44 ಕಿಲೊಜೂಲಿನಂತೆ ಅದರಿಂದ ಹೊರಡುವ ಶಾಖ ಸುಮಾರು 9.6 ಕಿಲೊವಾಟು.

ಇದರಲ್ಲಿ ಕಾಲುಭಾಗಕ್ಕಿಂತ ಸ್ವಲ್ಪ ಕಡಿಮೆ, ಎಂದರೆ 2.2 ಕಿಲೊವಾಟಿನಷ್ಟು, ದಂಡದ ಚಲನೆಯಾಗುತ್ತದೆ. ಆಲ್ಟರ್ನೇಟರು ತನ್ನ ಪಾಲನ್ನು ಮುರಿದುಕೊಂಡು ನಮಗೆ ಕೊಡುವುದು 1.8 ಕಿಲೊವಾಟು. ಮಿಕ್ಕ 7.8 ಕಿಲೊವಾಟು ಎಲ್ಲಿಗೆ ಹೋಯಿತು? ಶಾಖವಾಗಿ ಸುತ್ತಲಿನ ಗಾಳಿಗೆ. ಸ್ನಾನದ ನೀರು ಕಾಯಿಸುವ ಒಂದು ಕಿಲೊವಾಟಿನ ಕಾಯಿಲು ಎಂಟನ್ನು ಒಟ್ಟಿಗೆ ಉರಿಸಿದಂತೆ! ಯಂತ್ರವನ್ನು ಮೂಲೆಗೊತ್ತಿ ಗೋಣಿತಾಟು ಹೊದಿಸಿ ಸದ್ದಡಗಿಸಲು ಯತ್ನಿಸುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ಪೆಟ್ರೋಲಿನ ಖರ್ಚೂ ಇದರಿಂದಲೇ ತಿಳಿಯುತ್ತದೆ: ಗಂಟೆಗೆ 790 ಗ್ರಾಮು, ಎಂದರೆ ಪೂರ್ಣ ಹೊರೆಯಲ್ಲಿ ಒಂದು ಲೀಟರಿಗೆ ತುಸು ಹೆಚ್ಚು.

ಇದೇ ಎಂಜಿನು ಬೇರೆ ನಾಡಿನಲ್ಲಿ ಬೇರೆ ವೇಷ ತೊಡುತ್ತದೆ. ಟೊರಾಂಟೊ ನಗರದಲ್ಲೋ ಮಿನ್ನೆಸೋಟ ರಾಜ್ಯದಲ್ಲೋ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಅದು ಹಿಮತೂರುವ ಯಂತ್ರ. ಆಲ್ಟರ್ನೇಟರಿನ ಬದಲು ಅದರ ದಂಡಕ್ಕೆ ತಿರುಪಿನಾಕಾರದ ಅಲಗನ್ನು ಜೋಡಿಸಿರುತ್ತಾರೆ. ಅಂಗಳದ ಹಿಮವನ್ನು ಅದು ಬಾಚಿ ಕೊಳವಿಯ ಮೂಲಕ ದೂರಕ್ಕೆ ಎಸೆಯುತ್ತದೆ. ಅಲ್ಲಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಸಮುದ್ರಮಟ್ಟದ ಗಾಳಿಯ ತೂಕ ಲೀಟರಿಗೆ 1.34 ಗ್ರಾಮು, ಅಷ್ಟೇ ಉಸಿರಿಗೆ ಇಲ್ಲಿಗಿಂತ ಕಾಲುಪಾಲು ಹೆಚ್ಚು ಆಮ್ಲಜನಕ ದೊರೆತು ಎಂಜಿನು ಹುರುಪಾಗಿ ಓಡುತ್ತದೆ. ಇನ್ನೊಂದು ಸ್ವಾರಸ್ಯವುಂಟು. ಹಿಮಯಂತ್ರಗಳ ಅನೇಕ ಎಂಜಿನುಗಳಿಗೆ ಗಾಳಿ ಸೋಸುವ ಜಾಲರಿಯೇ ಇರುವುದಿಲ್ಲ. ಹಿಮದ ನಡುವೆ ಧೂಳಿಲ್ಲ. ಜಾಲರಿಯಿಟ್ಟರೆ ಅದರ ಮೇಲೆಯೇ ಹಿಮಗಟ್ಟಿ ಉಸಿರು ಕಟ್ಟೀತು. ನಮ್ಮಲ್ಲಿ ಸಂಗತಿ ತಿರುವುಮುರುವು. ಹಳೇ ಮದರಾಸು ರಸ್ತೆಯ ಬದಿಯಲ್ಲಿ ಒಂದು ತಿಂಗಳು ಓಡಿದ ಯಂತ್ರದ ಜಾಲರಿಯನ್ನು ಬಿಚ್ಚಿ ಬಿಳಿಯ ಕಾಗದದ ಮೇಲೆ ಕೊಡವಿದರೆ ನಂಬಿಕೆಯಾಗುತ್ತದೆ. ಆ ಧೂಳಿನಲ್ಲಿರುವ ಮರಳಿನ ಕಣಗಳು ಉರುಳೆಯ ಗೋಡೆಗಿಂತ ಕಠಿಣ. ಎಣ್ಣೆಯೊಡನೆ ಬೆರೆತರೆ ಅದು ಸಾಣೆಯ ಲೇಪವೇ ಸರಿ. ಸ್ಪಂಜಿನ ಜಾಲರಿಯನ್ನು ಸಾಬೂನು ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಎಂಜಿನ್ ಎಣ್ಣೆ ಸವರಿ ಹಿಂಡಿ ಮರಳಿ ಇಡಬೇಕು. ಜಾಲರಿ ಕಟ್ಟಿಕೊಂಡಿದ್ದರೆ ಗಾಳಿ ಸಾಲದೆ ಪೆಟ್ರೋಲು ಅರೆಬರೆ ಉರಿಯುತ್ತದೆ. ಇದರ ಪರಿಣಾಮವನ್ನು ಮುಂದೆ ನೋಡಲಿದ್ದೇವೆ.

ಈಗ ಯಂತ್ರವನ್ನು ಚಾಲೂ ಮಾಡುವ ಕ್ರಮ. ಮೊದಲು ಸಮತಟ್ಟಾದ ನೆಲದ ಮೇಲಿಟ್ಟು ಎಣ್ಣೆಯ ಮಟ್ಟವನ್ನು ನೋಡಬೇಕು. ಸಣ್ಣ ಎಂಜಿನುಗಳಲ್ಲಿ ಎಣ್ಣೆಯನ್ನು ಒತ್ತಿ ಕಳುಹಿಸುವ ಪಂಪು ಸಾಮಾನ್ಯವಾಗಿ ಇರುವುದಿಲ್ಲ. ತಿರುಗುವ ದಂಡಕ್ಕೆ ಅಂಟಿಕೊಂಡ ಪುಟ್ಟ ಸೌಟೊಂದು ತಳದ ಎಣ್ಣೆಯನ್ನು ಎರಚುತ್ತದೆ, ಅಷ್ಟೆ. ಯಂತ್ರ ವಾಲಿ ನಿಂತಿದ್ದರೆ ಸೌಟಿಗೆ ಎಣ್ಣೆ ಸಿಗದೆ ಲೋಹಕ್ಕೆ ಲೋಹ ಉಜ್ಜಿ ಬೆಸೆದುಕೊಳ್ಳುವುದು ಕೆಲವೇ ನಿಮಿಷಗಳ ಮಾತು. ಹೊಸ ಯಂತ್ರದ ಎಣ್ಣೆಯನ್ನು ಮೊದಲ ಇಪ್ಪತ್ತು ಗಂಟೆಗಳ ಓಟದ ಮೇಲೂ, ಆಮೇಲೆ ನೂರು ಗಂಟೆಗೊಮ್ಮೆ ಇಲ್ಲವೆ ಆರು ತಿಂಗಳಿಗೊಮ್ಮೆಯೂ ಬದಲಿಸುವುದು ವಾಡಿಕೆ. ತಯಾರಕರ ಪುಸ್ತಿಕೆ ಬೇರೆ ಹೇಳಿದರೆ ಅದೇ ಪ್ರಮಾಣ.

ತಣ್ಣನೆಯ ಎಂಜಿನಿನಲ್ಲಿ ಪೆಟ್ರೋಲು ಚೆನ್ನಾಗಿ ಆವಿಯಾಗದು. ಆವಿಯಾದಷ್ಟೇ ಉರಿಯುವುದರಿಂದ ಆರಂಭದಲ್ಲಿ ಗಾಳಿಯ ದಾರಿಯನ್ನು ಚೋಕ್ ಎಂಬ ಬಿಲ್ಲೆಯಿಂದ ಮುಚ್ಚಿ ಪೆಟ್ರೋಲಿನ ಪಾಲನ್ನು ಹೆಚ್ಚಿಸಬೇಕು. ಬಳಿಕ ಹಗ್ಗದ ಹಿಡಿಯನ್ನು ಮೆಲ್ಲನೆ ಎಳೆಯುತ್ತ ಹೋದರೆ ಒಂದೆಡೆ ಬಿಗಿ ತೋರುತ್ತದೆ. ಪಿಸ್ಟನ್ ಎಂಬ ಆಡುಬೆಣೆ ಗಾಳಿಯನ್ನು ಸಂಪೀಡಿಸುವ ಹೊಡೆತದಲ್ಲಿದೆ, ಕವಾಟಗಳೆರಡೂ ಮುಚ್ಚಿವೆ ಎಂದು ಇದರ ಅರ್ಥ. ಹಿಡಿಯನ್ನು ಹಿಂದಕ್ಕೆ ಬಿಟ್ಟು ಅಲ್ಲಿಂದ ಜೋರಾಗಿ ಒಮ್ಮೆ ಎಳೆಯಬೇಕು. ಗತಿಪಾಲಕ ಚಕ್ರದಲ್ಲಿ ಹುದುಗಿಸಿದ ಆಯಸ್ಕಾಂತವು ಸುರುಳಿಯ ಮುಂದೆ ಸರಕ್ಕನೆ ಹಾಯುವಾಗ ಹುಟ್ಟುವ ಸಾವಿರಾರು ವೋಲ್ಟುಗಳ ಒತ್ತಡವೇ ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿಯಾಗುವುದು. ಪ್ರೇರಿತ ಒತ್ತಡವು ಕಾಂತಾಭಿವಾಹ ಬದಲಾಗುವ ವೇಗವನ್ನು ಅನುಸರಿಸುತ್ತದೆಂಬ ಫ್ಯಾರಡೆಯ ನಿಯಮವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ, ಸೋಮಾರಿ ಕೈ ಹತ್ತು ಸಲ ಎಳೆದರೂ ಯಂತ್ರ ಏಕೆ ಏಳದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಂಜಿನು ಬಿಸಿಯಾದಂತೆ ಚೋಕನ್ನು ತೆರೆಯಬೇಕು. ಮರೆತರೆ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ.

ಪ್ಲಗ್ಗನ್ನು ಬಿಚ್ಚಿ ನೋಡುವ ಅಭ್ಯಾಸ ಒಳ್ಳೆಯದು. ಉರುಳೆಯೊಳಗಿನ ಸಮಾಚಾರವನ್ನು ಹೊರತರುವ ದೂತ ಅದೊಂದೇ. ತುದಿ ತಿಳಿ ಕಂದಾಗಿದ್ದರೆ ಎಲ್ಲವೂ ಕ್ಷೇಮ. ಒಣ ಮಸಿಯಿದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಎಣ್ಣೆಯ ಜಿಡ್ಡಿದ್ದರೆ ಆಡುಬೆಣೆಯ ಬಳೆಗಳು ಸವೆದಿರಬಹುದು. ಬೆಳ್ಳಗೆ ಸುಟ್ಟಂತಿದ್ದರೆ ಮಿಶ್ರಣದಲ್ಲಿ ಪೆಟ್ರೋಲು ಸಾಲದೆ ಶಾಖ ಮಿತಿಮೀರಿದೆ. ಕಿಡಿ ಹಾರುವ ಎಡೆ ಸಾಮಾನ್ಯವಾಗಿ 0.7ರಿಂದ 0.8 ಮಿಲಿಮೀಟರು. ಶಿವಾಜಿನಗರದ ಗುಜರಿ ಅಂಗಡಿಗಳ ಸಾಲಿನಲ್ಲಿ ನಾವು ಕಂಡ ಮುದುಕ ಮಿಸ್ತ್ರಿಯೊಬ್ಬರು ಇದನ್ನು ಅಳತೆಪಟ್ಟಿಯಿಲ್ಲದೆ ಉಗುರಿನಿಂದಲೇ ಹೇಳುತ್ತಿದ್ದರು. ನಾವು ಅಳತೆಪಟ್ಟಿಯಿಟ್ಟು ನೋಡಿದಾಗ ಅವರು ತಪ್ಪಿದ್ದು ಕಾಣಲಿಲ್ಲ. ಓದುಗರು ಅಳತೆಪಟ್ಟಿಯನ್ನೇ ಬಳಸುವುದು ಲೇಸು.

ನಮ್ಮ ನಾಡಿನ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಎರಡು ಧ್ರುವಗಳ ಆಲ್ಟರ್ನೇಟರು ಒಂದು ಸುತ್ತಿಗೆ ಒಂದು ಆವರ್ತವನ್ನು ಕೊಡುವುದರಿಂದ ಎಂಜಿನು ನಿಮಿಷಕ್ಕೆ 3000 ಸುತ್ತನ್ನು ಕಾಪಾಡಿಕೊಳ್ಳಲೇಬೇಕು. ಹೊರೆ ಏರಿದಾಗ ವೇಗ ಇಳಿಯದಂತೆ ನೋಡಿಕೊಳ್ಳುವುದು ವೇಗನಿಯಂತ್ರಕ. ತಿರುಗುವ ಗುಂಡುಗಳು ಕೇಂದ್ರಾಪಗಾಮಿ ಬಲದಿಂದ ಹರಡುತ್ತವೆ. ವೇಗ ಕುಗ್ಗಿದಾಗ ಒಳಕ್ಕೆ ಸೇರಿ, ಪೆಟ್ರೋಲ್ ಗಾಳಿಯ ದಾರಿಯನ್ನು ಇನ್ನಷ್ಟು ತೆರೆಯುತ್ತವೆ. ಜೇಮ್ಸ್ ವಾಟನು ಉಗಿಯಂತ್ರಕ್ಕೆ ಅಳವಡಿಸಿದ ಉಪಾಯವೇ ಇದು. ಬೆಳಕು ಮಂಕಾಯಿತೆಂದು ಇದರ ಸ್ಪ್ರಿಂಗನ್ನು ಎಳೆದು ಬಿಗಿಯುವವರುಂಟು. ವೇಗದೊಡನೆ ವೋಲ್ಟೇಜೂ ಏರಿ ಮನೆಯ ಉಪಕರಣಗಳು ಸುಟ್ಟುಹೋಗುತ್ತವೆ. ಹೊರೆಯ ವಿಷಯದಲ್ಲಿ ಒಂದು ಮಾತು. ಮೋಟಾರುಗಳು ನಿಂತಲ್ಲಿಂದ ಹೊರಡುವಾಗ ಓಡುವಾಗಿನ ಪ್ರವಾಹದ ಐದಾರು ಪಟ್ಟು ಎಳೆಯುತ್ತವೆ. ಒಂದು ಅಶ್ವಶಕ್ತಿಯ ನೀರಿನ ಪಂಪು ಓಡಲು 1.1 ಕಿಲೊವಾಟು ಸಾಕಾದರೂ 1.8 ಕಿಲೊವಾಟಿನ ಯಂತ್ರ ಅದನ್ನು ಎಬ್ಬಿಸಲಾರದೆ ನರಳುವುದು ಈ ಕಾರಣದಿಂದ.

ಇನ್ನು ಯಂತ್ರವನ್ನು ಎಲ್ಲಿಡಬೇಕೆಂಬ ಪ್ರಶ್ನೆ. ಈ ಪಾಠವನ್ನು ನಾವು ಪುಸ್ತಕದಿಂದ ಕಲಿತವರಲ್ಲವೆಂದು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಹಿಂಬದಿಯ ಓಣಿಯಲ್ಲಿ, ಮಳೆ ತಾಗದಿರಲೆಂದು ಮಾಡಿನ ಕೆಳಗೆ, ಯಂತ್ರವನ್ನು ಇಟ್ಟಿದ್ದೆವು. ಓಣಿಯ ಅಗಲ ಮೂರಡಿ. ಅದರ ಮೇಲೆ ತೆರೆಯುತ್ತಿದ್ದುದು ನಮ್ಮ ತಾಯಿ ಮಲಗುವ ಕೋಣೆಯ ಕಿಟಕಿ. ದೀಪ ಹೋದ ಸಂಜೆಗಳಲ್ಲಿ ಅವರಿಗೆ ತಲೆನೋವು, ಹೊಟ್ಟೆ ತೊಳಸುವಿಕೆ. ಬಿಸಿಲಿನ ಪಿತ್ತವೆಂದು ಅವರೂ ನಾವೂ ನಂಬಿದೆವು. ಶುಂಠಿಯ ಕಷಾಯವೂ ನಡೆಯಿತು. ಒಂದು ರಾತ್ರಿ ಅವರು ಎದ್ದು ನಿಲ್ಲಲಾರದೆ ಬಾಗಿಲಲ್ಲಿ ಕುಸಿದಾಗ, ಯಂತ್ರವನ್ನು ನಿಲ್ಲಿಸಬೇಕೆಂದು ಹೊಳೆದುದು ಎಂಟನೆಯ ತರಗತಿಯಲ್ಲಿದ್ದ ಮಗಳಿಗೆ, ಭೌತಶಾಸ್ತ್ರದ ಅಧ್ಯಾಪಕರಿಗಲ್ಲ. ಗಾಳಿಗೆ ಕರೆತಂದು ಆಸ್ಪತ್ರೆಗೆ ಒಯ್ದ ಮೇಲೆ ಅವರು ಚೇತರಿಸಿಕೊಂಡರು. ಆಮೇಲೆ ಕುಳಿತು ಮಾಡಿದ ಲೆಕ್ಕವನ್ನು ಓದುಗರ ಮುಂದಿಡುತ್ತೇವೆ.

ಪೆಟ್ರೋಲು ಪೂರ್ಣವಾಗಿ ಉರಿದರೆ ಇಂಗಾಲದ ಡೈಆಕ್ಸೈಡೂ ನೀರಾವಿಯೂ ಹುಟ್ಟುತ್ತವೆ. ಗಾಳಿ ಸಾಲದಿದ್ದರೆ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ಎಂಜಿನು ಸೆಕೆಂಡಿಗೆ ಉಗುಳುವ ಹೊಗೆ ಕೋಣೆಯ ಉಷ್ಣತೆಗೆ ತಣಿದಾಗ ಸುಮಾರು 3 ಲೀಟರು. ಅದರಲ್ಲಿ ನೂರಕ್ಕೆ ಮೂರು ಭಾಗ ಮಾನಾಕ್ಸೈಡ್ ಎಂದು ಹಿಡಿಯೋಣ; ಚೋಕ್ ಪೂರ್ತಿ ತೆರೆಯದಿದ್ದರೆ, ಜಾಲರಿ ಕಟ್ಟಿದ್ದರೆ ಇದು ಇನ್ನೂ ಹೆಚ್ಚು. ನಿಮಿಷಕ್ಕೆ ಐದು ಲೀಟರಿಗಿಂತ ತುಸು ಹೆಚ್ಚಾಯಿತು. ಉದ್ದ, ಅಗಲ, ಎತ್ತರಗಳು ಮೂರು ಮೂರು ಮೀಟರಿರುವ ಮುಚ್ಚಿದ ಕೋಣೆಯ ಗಾಳಿ 27,000 ಲೀಟರು. ಹೊಗೆಯೆಲ್ಲ ಅದರೊಳಗೇ ಉಳಿದರೆ ಐದು ನಿಮಿಷದಲ್ಲಿ ಮಾನಾಕ್ಸೈಡ್ ಸಾವಿರಕ್ಕೆ ಒಂದು ಭಾಗ. ಇಪ್ಪತ್ತು ನಿಮಿಷದಲ್ಲಿ ಸಾವಿರಕ್ಕೆ ನಾಲ್ಕು ಭಾಗ.

ಸಾವಿರಕ್ಕೆ ಒಂದು ಎಂಬುದು ಅಲ್ಪವೆಂದು ತೋರಬಹುದು. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಮಾನಾಕ್ಸೈಡಿನ ಮೇಲೆ ಇನ್ನೂರಕ್ಕೂ ಹೆಚ್ಚು ಪಟ್ಟು ಒಲವು. 210 ಪಟ್ಟು ಎಂದಿಟ್ಟುಕೊಳ್ಳಿ. ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21; ಮಾನಾಕ್ಸೈಡ್ ನೂರಕ್ಕೆ 0.1. ಎರಡನೆಯದನ್ನು 210ರಿಂದ ಗುಣಿಸಿದರೆ ಬರುವುದೂ 21! ಎಂದರೆ ಆ ಗಾಳಿಯಲ್ಲಿ ಸಾಕಷ್ಟು ಹೊತ್ತು ಇದ್ದವನ ಹಿಮೋಗ್ಲೋಬಿನ್ನಿನಲ್ಲಿ ಅರ್ಧ ಆಮ್ಲಜನಕದ ಪಾಲಾದರೆ ಇನ್ನರ್ಧ ವಿಷದ ಪಾಲು. ಆ ಸ್ಥಿತಿಗೆ ಬರುವ ಮೊದಲೇ ಮನುಷ್ಯ ಎಚ್ಚರ ತಪ್ಪುತ್ತಾನೆ, ಪ್ರಾಣವೂ ಹೋಗಬಹುದು. ಸಾವಿರಕ್ಕೆ ಮೂರು ನಾಲ್ಕು ಭಾಗವಿದ್ದರೆ ಅರ್ಧ ಗಂಟೆ ಸಾಕು. ಈ ವಿಷಯವನ್ನು ಜಾನ್ ಸ್ಕಾಟ್ ಹಾಲ್ಡೇನ್ ಎಂಬ ಶರೀರವಿಜ್ಞಾನಿ ತಾನೇ ಈ ಅನಿಲವನ್ನು ಸೇವಿಸಿ ಪರೀಕ್ಷಿಸಿ 1895ರಲ್ಲಿ ಪ್ರಕಟಿಸಿದನು. 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೆ. ಬಿ. ಎಸ್. ಹಾಲ್ಡೇನ್ ಅವರು ಅವನ ಮಗ.

ವಿಷಾನಿಲ ಭಾರವಾದುದರಿಂದ ನೆಲದಲ್ಲೇ ಉಳಿಯುತ್ತದೆ, ಮಹಡಿಯ ಮೇಲಿನವರಿಗೆ ಭಯವಿಲ್ಲ ಎಂಬ ನಂಬಿಕೆ ವಿದ್ಯಾವಂತರಲ್ಲೂ ಇದೆ. ಮಾನಾಕ್ಸೈಡಿನ ಅಣುತೂಕ 28. ಗಾಳಿಯ ಸರಾಸರಿ 29. ಅದು ಕೆಳಗೂ ಇಳಿಯದು, ಮೇಲೆಯೇ ನಿಲ್ಲದು. ಗಾಳಿಯೊಡನೆ ಬೆರೆತು, ಬಿಸಿ ಹೊಗೆಯೊಡನೆ ಮೆಟ್ಟಿಲ ಗೂಡಿನಲ್ಲಿ ಏರಿ, ಎಲ್ಲ ಕೋಣೆಗಳನ್ನೂ ಹೊಗುತ್ತದೆ. ಕಿಟಕಿಯೊಂದನ್ನು ತೆರೆದಿಟ್ಟರೆ ಸಾಕೆಂಬುದೂ ಹುಸಿ. ಯಂತ್ರ ಬಯಲಿನಲ್ಲಿರಬೇಕು, ಮನೆಯ ಕಿಟಕಿಬಾಗಿಲುಗಳಿಂದ ಇಪ್ಪತ್ತು ಅಡಿಯಾದರೂ ದೂರವಿರಬೇಕು, ಹೊಗೆಯ ಬಾಯಿ ಮನೆಗೆ ಬೆನ್ನು ಮಾಡಿರಬೇಕು. ನೆರೆಯವರ ಕಿಟಕಿಯೂ ಕಿಟಕಿಯೇ. ನಮ್ಮ ಬಡಾವಣೆಗಳ ಮೂವತ್ತು ನಲವತ್ತರ ನಿವೇಶನಗಳಲ್ಲಿ ಇಷ್ಟು ಜಾಗ ಎಲ್ಲಿದೆ ಎಂದರೆ, ಬಹುಪಾಲು ಮನೆಗಳಲ್ಲಿ ಇಲ್ಲವೆಂದೇ ಉತ್ತರ. ಅಂತಹ ಮನೆಗೆ ಈ ಯಂತ್ರ ತಕ್ಕುದಲ್ಲ, ಬ್ಯಾಟರಿಯೇ ಸರಿ. ವಿಷ ತಾಗಿದವರನ್ನು ಕೂಡಲೇ ಬಯಲಿಗೆ ತಂದು ಆಸ್ಪತ್ರೆಗೆ ಒಯ್ಯಬೇಕು. ಬರಿಯ ಗಾಳಿಯಲ್ಲಿ ರಕ್ತದ ಮಾನಾಕ್ಸೈಡ್ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಹಿಡಿಯುತ್ತದೆ. ಶುದ್ಧ ಆಮ್ಲಜನಕ ಕೊಟ್ಟರೆ ಒಂದು ಒಂದೂವರೆ ಗಂಟೆ.

ಪೆಟ್ರೋಲಿನ ಆವಿಯ ಗುಣ ಇದಕ್ಕೆ ವಿರುದ್ಧ. ಅದು ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ನೆಲ ಹಿಡಿದು ಹರಿದು ದೂರದ ದೇವರ ದೀಪವನ್ನೋ ಒಲೆಯನ್ನೋ ಮುಟ್ಟಬಲ್ಲುದು. ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗೂ ಅದು ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಯಂತ್ರವನ್ನು ನಿಲ್ಲಿಸಿ, ಕಾಲು ಗಂಟೆ ತಣಿಯಲು ಬಿಟ್ಟು, ಆಮೇಲಷ್ಟೇ ಪೆಟ್ರೋಲು ತುಂಬಬೇಕು.

ಇನ್ನೊಂದು ಅಪಾಯ ನಮ್ಮದಲ್ಲ, ಪರರದು. ಎರಡು ಕೊನೆಗೂ ಪ್ಲಗ್ಗು ಕಟ್ಟಿದ ತಂತಿಯಿಂದ ಯಂತ್ರವನ್ನು ಗೋಡೆಯ ಸಾಕೆಟ್ಟಿಗೆ ಜೋಡಿಸಿ ಇಡೀ ಮನೆಯನ್ನು ಬೆಳಗಿಸುವ ಜಾಣತನವನ್ನು ಕೆಲವೆಡೆ ಕಂಡಿದ್ದೇವೆ. ಮುಖ್ಯ ಸ್ವಿಚ್ಚನ್ನು ತೆಗೆಯಲು ಮರೆತರೆ ಆ ವಿದ್ಯುತ್ತು ಬೀದಿಯ ತಂತಿಗೆ ಹಿಮ್ಮುಖವಾಗಿ ಹರಿಯುತ್ತದೆ. ಬೀದಿಯ ಟ್ರಾನ್ಸ್‌ಫಾರ್ಮರು 11,000 ವೋಲ್ಟನ್ನು ಮನೆಯ ಮಟ್ಟಕ್ಕೆ ಇಳಿಸುವ ಯಂತ್ರವೆಂದು ಬಲ್ಲೆವು. ಆದರೆ ಸುರುಳಿಗಳಿಗೆ ಯಾವುದು ಒಳಬಾಗಿಲು, ಯಾವುದು ಹೊರಬಾಗಿಲು ಎಂಬ ಭೇದವಿಲ್ಲ. ಮನೆಯ ಕಡೆಯಿಂದ 230 ವೋಲ್ಟು ಹೊಕ್ಕರೆ ಆಚೆ ಸಾವಿರಾರು ವೋಲ್ಟು ಏಳಬಹುದು. ಏಳದಿದ್ದರೂ, ಮಳೆಯಲ್ಲಿ ಕಂಬ ಹತ್ತಿ, ತಂತಿ ಸತ್ತಿದೆಯೆಂದು ನಂಬಿ ಕೈಯಿಟ್ಟ ಲೈನ್‌ಮನ್ನನಿಗೆ 230 ವೋಲ್ಟೇ ಸಾಕು. ಆದುದರಿಂದ ಬೀದಿಯ ತಂತಿ ಮತ್ತು ವಿದ್ಯುಜ್ಜನಕ ಎರಡೂ ಏಕಕಾಲಕ್ಕೆ ಮನೆಗೆ ಸೇರಲಾಗದಂತೆ ತಡೆಯುವ ಬದಲಿ ಸ್ವಿಚ್ಚನ್ನು ಪರವಾನಿಗೆಯುಳ್ಳ ಕೆಲಸಗಾರನಿಂದಲೇ ಹಾಕಿಸಬೇಕು.

ಮಳೆಗಾಲ ಕಳೆದು ತಿಂಗಳುಗಟ್ಟಲೆ ಕೆಲಸವಿಲ್ಲದಾಗ ಯಂತ್ರವನ್ನು ಹೇಗೆ ಮಲಗಿಸಬೇಕೆಂಬುದೊಂದು ಉಳಿಯಿತು. ಹಿಮತೂರುವ ಯಂತ್ರಕ್ಕೂ ಬೇಸಗೆಯಲ್ಲಿ ಇದೇ ಉಪಚಾರ. ನಿಂತ ಪೆಟ್ರೋಲಿನ ಹಗುರ ಭಾಗ ಆವಿಯಾಗಿ ಹೋಗಿ ಉಳಿದುದು ಗೋಂದಾಗುತ್ತದೆ; ಕಾರ್ಬ್ಯುರೇಟರಿನ ಸೂಜಿಮೊನೆಯಂತಹ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಈಗ ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲಿಗೆ ನೀರಿನ ಮೋಹ ಹೆಚ್ಚು. ಗಾಳಿಯ ತೇವ ಹೀರಿ ಮಿತಿಮೀರಿದಾಗ ನೀರೂ ಎಥನಾಲೂ ಜೊತೆಯಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರಿ ಲೋಹವನ್ನು ತಿನ್ನುತ್ತವೆ. ಹಳೆಯ ಯಂತ್ರಗಳ ರಬ್ಬರು ಕೊಳವೆಗಳೂ ಎಥನಾಲಿಗೆ ಮೆತ್ತಗಾಗುವುದುಂಟು. ಆದುದರಿಂದ ತೊಟ್ಟಿಯನ್ನು ಬರಿದು ಮಾಡಬೇಕು. ಬಯಲಿನಲ್ಲಿ ಎಂಜಿನನ್ನು ನಡೆಸಿ, ಪೆಟ್ರೋಲಿನ ನಲ್ಲಿಯನ್ನು ಮುಚ್ಚಿ, ಕಾರ್ಬ್ಯುರೇಟರಿನಲ್ಲಿ ಉಳಿದುದು ತೀರಿ ಅದು ತಾನಾಗಿ ನಿಲ್ಲುವವರೆಗೂ ಓಡಲು ಬಿಡಬೇಕು. ತಣಿದ ಮೇಲೆ ಪ್ಲಗ್ಗನ್ನು ಬಿಚ್ಚಿ ಒಂದು ಚಮಚ ಶುದ್ಧ ಎಂಜಿನ್ ಎಣ್ಣೆಯನ್ನು ಉರುಳೆಗೆ ಸುರಿದು, ಹಗ್ಗವನ್ನು ಎರಡು ಮೂರು ಬಾರಿ ಎಳೆದು ಗೋಡೆಗೆಲ್ಲ ಹರಡಿಸಿ, ಪ್ಲಗ್ಗನ್ನು ಮರಳಿ ಬಿಗಿಯಬೇಕು. ಕೊನೆಗೆ ಹಗ್ಗವನ್ನು ಮೆಲ್ಲನೆ ಎಳೆದು, ಬಿಗಿ ತೋರಿದಲ್ಲಿ ನಿಲ್ಲಿಸಬೇಕು. ಕವಾಟಗಳೆರಡೂ ಮುಚ್ಚಿರುವ ಆ ನಿಲುವಿನಲ್ಲಿ ಉರುಳೆಯೊಳಕ್ಕೆ ತೇವದ ಗಾಳಿ ಸುಲಭವಾಗಿ ನುಸುಳದು.